ರೊಟ್ಟಿಯ ಗಾಳಾಕ್ಕೆ ಬಂದ ಕಾರ್ಡು

ಭಾಂಡುಪ್ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಒಂದು ಕಾಲಕ್ಕೆ ಕಾರ್ಖಾನೆಗಳ ಭೋಂಗಾದ ಕೂಗಿಗೆ ಎಚ್ಚರಗೊಳ್ಳುತ್ತಿದ್ದ ಓಣಿಯಲ್ಲಿ, ನನ್ನ ಅಣ್ಣನ ಹೆಂಡತಿ ಜೋಳದ ರೊಟ್ಟಿಯ ಉದ್ಯಮ ನಡೆಸುತ್ತಾರೆ. ಉದ್ಯಮ ಎಂಬ ಶಬ್ದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಹೆಂಗಸರು ಬಡಿದ ರೊಟ್ಟಿಗೆ ‘ಮನೆಗೆಲಸದ ನಡುವೆ ಒಂದಿಷ್ಟು ಕೈಖರ್ಚು’ ಎಂದು ಹೆಸರಿಡುವುದು, ಅದೇ ರೊಟ್ಟಿಯನ್ನು ಹೋಟೆಲಿನವನು ಮಾರಿದರೆ ‘ಬಿಸಿನೆಸ್’ ಎನ್ನುವುದು ನಮ್ಮ ಸಮಾಜ ನಾಚಿಕೆಯಿಲ್ಲದೆ ನಡೆಸಿಕೊಂಡು ಬಂದಿರುವ ಅನ್ಯಾಯ. ವಿಜಯಪುರದಿಂದ ಸೊಸೆಯಾಗಿ ಬಂದ ನಮ್ಮ ವೈನಿ (ಅಣ್ಣನ ಹೆಂಡತಿಯನ್ನು ನಮ್ಮಲ್ಲಿ ಕರೆಯುವುದೇ ಹಾಗೆ) ನೆರೆಯ ನಾಲ್ವರು ಹೆಂಗಸರನ್ನು ಕೂಡಿಸಿಕೊಂಡು ದಿನಕ್ಕೆ ಆರುನೂರು ರೊಟ್ಟಿ ಸಿದ್ಧಪಡಿಸುತ್ತಾರೆ. ಪವಾಯಿಯ ಆಫೀಸುಗಳ ಕ್ಯಾಂಟೀನುಗಳಿಗೂ ಅಲ್ಲಿನ ಕೆಲವು ಬಿಲ್ಡಿಂಗುಗಳ ಮನೆಗಳಿಗೂ ಅವು ಹೋಗುತ್ತವೆ. ನೋಂದಣಿ ವೈನಿಯ ಹೆಸರಿನಲ್ಲಿದೆ. ಆದರೆ ಆದಾಯ, ಯಾರು ಎಷ್ಟು ರೊಟ್ಟಿ ಬಡಿದರೋ ಆ ಎಣಿಕೆಯಂತೆ, ಐವರಿಗೂ ಹಂಚಿಹೋಗುತ್ತದೆ.

ಕೆಲಸ ನಡೆಯುವ ಜಾಗವೆಂದರೆ ಒಂದು ಗಾಳಾ, ಅಂದರೆ ಮುಂಬಯಿಯ ಕಾರ್ಖಾನೆ ಓಣಿಗಳ ಸಣ್ಣ ಮಳಿಗೆ. ಹತ್ತಡಿ ಅಗಲ, ಇಪ್ಪತ್ತಡಿ ಉದ್ದ, ಮುಂದೆ ಒಂದು ಶಟರು, ಹಿಂದೆ ಅಂಗೈಯಷ್ಟು ಕಿಟಕಿ. ಅದರೊಳಗೆ ಐದು ಗ್ಯಾಸಿನ ಒಲೆ. ಹಂಚಿನ ಮೇಲೆ ಸೀದ ಹಿಟ್ಟಿನ ಹೊಗೆ ಹೊರಹೋಗಲು ದಾರಿ ಕಾಣದೆ ಮಾಳಿಗೆಗೆ ತಾಗಿ ಮತ್ತೆ ಕೆಳಗಿಳಿಯುತ್ತಿತ್ತು. ಗೋಡೆಯಲ್ಲಿ ಒಂದು ಕಿಂಡಿ ಕೊರೆಯಲು ಗಾಳಾದ ಮಾಲೀಕರು ಎರಡು ವರ್ಷ ಒಪ್ಪಲಿಲ್ಲ. ದುಡಿಯುವವರ ಉಸಿರಿಗೆ ಗಾಳಿ ಕೊಡುವುದು ಉಪಕಾರವಲ್ಲ, ಅವರ ಹಕ್ಕು ಎಂದು ನಾನು ಬರೆದ ಐದನೆಯ ಪತ್ರಕ್ಕೆ ಅವರು ಮಣಿದರು. ಖರ್ಚು ಮಾತ್ರ ನಮ್ಮದೇ ಎಂದರು. ಅದೂ ಅನ್ಯಾಯವೇ, ಆದರೆ ಅಷ್ಟರಲ್ಲಿ ಜಗ್ಗಾಡಲು ನಮಗೆ ಸಮಯ ಉಳಿದಿರಲಿಲ್ಲ.

ಸಮಯ ಉಳಿಯದಿದ್ದುದು ಆಯಿಯ ಸಲುವಾಗಿ. ಐವರಲ್ಲಿ ಎಲ್ಲರಿಗಿಂತ ಹಿರಿಯರಾದ, ಅರವತ್ತು ದಾಟಿದ ಅವರನ್ನು ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದರು. ಒಳಗಿನ ಮೂಲೆಯ ಒಲೆ ಅವರದು. ಫೆಬ್ರವರಿಯಲ್ಲಿ ಅವರ ಕೆಮ್ಮು ನಿಲ್ಲದಾದಾಗ ವೈನಿ ಡಾಕ್ಟರರ ಬಳಿಗೆ ಕರೆದೊಯ್ದರು. ಹೊಗೆ ಹೋಗಬೇಕು, ಇಲ್ಲವೇ ಇವರು ಒಲೆಯ ಮುಂದಿನಿಂದ ಏಳಬೇಕು ಎಂದು ಡಾಕ್ಟರರು ಹೇಳಿದರು. ಆಯಿಗೆ ಬೇರೆ ಆದಾಯವಿಲ್ಲ. ಅವರು ಎದ್ದರೆ ಅವರ ಮನೆಯ ಒಲೆಯೂ ಆರೀತು. ಹೊಗೆ ಹೀರುವ ತಗಡಿನ ಗೂಡು ಮತ್ತು ದೊಡ್ಡ ಫ್ಯಾನಿಗೆ ಕಂಪನಿಯೊಂದು ಮೂವತ್ತೆಂಟು ಸಾವಿರ ಎಂದು ಬರೆದುಕೊಟ್ಟಿತು. ಐವರೂ ಉಳಿಸಿಟ್ಟಿದ್ದುದು ಇಪ್ಪತ್ತು ಸಾವಿರ.

ಆ ವಾರವೇ ಕಾರ್ಡಿನವರು ಬಂದದ್ದು.

ಬ್ಯಾಂಕಿನ ಪರವಾಗಿ ವ್ಯಾಪಾರಿಗಳಿಗೆ ಕ್ರೆಡಿಟ್ ಕಾರ್ಡು ಮಾಡಿಸಿಕೊಡುವ, ನಡುವಯಸ್ಸಿನ ಒಬ್ಬ ಮಹಿಳೆ. ಉಡುಪಿಯ ಕಡೆಯವರು; ಬೆಳಿಗ್ಗೆಯಿಂದ ಓಣಿಯ ಗಾಳಾಗಳನ್ನು ಒಂದೊಂದಾಗಿ ಹತ್ತಿ ಇಳಿದಿದ್ದರು. ಕನ್ನಡ ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತಂತೆ. ಮುಂದೆ ನಡೆದ ಮಾತನ್ನು ವೈನಿ ನನಗೆ ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾರೆಂದರೆ, ನಾನೇ ಅಲ್ಲಿದ್ದೆನೇನೋ ಎನ್ನುವಷ್ಟು ಅದು ನನ್ನ ನೆನಪಾಗಿದೆ.

“ಕಾರ್ಡ್ ತಗೊಂಡ್ರೆ ಬೋನಸ್ ಉಂಟು ಮೇಡಂ. ನೀವು ಹೇಗೂ ಖರ್ಚು ಮಾಡ್ತೀರಲ್ಲ, ಅದನ್ನೇ ಕಾರ್ಡಲ್ಲಿ ಮಾಡಿದ್ರಾಯ್ತು. ಯಜಮಾನರು ಎಷ್ಟೊತ್ತಿಗೆ ಬರ್ತಾರೆ?”

“ಯಜಮಾನ್ರು ಸಂಜಿಗೆ ರೊಟ್ಟಿ ತಿನ್ನಾಕ ಬರ್ತಾರ್ರಿ. ಬಡಿಯವ್ರು ನಾವು. ನಿಮಗ ಯಾರ ಸಹಿ ಬೇಕ್ರಿ, ತಿನ್ನವ್ರದೋ ಬಡಿಯವ್ರದೋ?”

ಆ ಮಹಿಳೆ ನಕ್ಕು ಎರಡು ಕರಪತ್ರ ಇಟ್ಟು ಹೋದರು. ವೈನಿ ನನಗೆ ಫೋನು ಮಾಡಿದರು. “ಲೀಡರ್ ಬಾಯಾರ, ಆಯಿತವಾರ ಬರ್ರಿ. ನಿಮಗ ಬೈಯಾಕ ಎರಡು ಕಾಗದಾ ಬಂದಾವು.”

ನಾನು ದಾದರಿನಲ್ಲಿ, ದುಡಿಯುವ ಹೆಂಗಸರ ಹಕ್ಕುಗಳ ಪರವಾಗಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ನಾನು ಓದಿದ್ದು, ಕೆಲವು ಆದರ್ಶವಾದಿ ಶಿಕ್ಷಕರು ಕಾರ್ಮಿಕರ ಮಕ್ಕಳಿಗಾಗಿ ಕಟ್ಟಿದ ಶಾಲೆಯಲ್ಲಿ. ಅಲ್ಲಿ ರ‍್ಯಾಂಕು ಇರಲಿಲ್ಲ, ಬೆತ್ತ ಇರಲಿಲ್ಲ. ಗೋಡೆಯ ಮೇಲೆ ಯಾವ ಪ್ರಕಟಣೆ ಬಂದರೂ ‘ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ’ ಎಂದು ನಾವು ಮಕ್ಕಳು ವಾದಿಸಬೇಕಿತ್ತು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ, ನಾನೂ ಅದನ್ನು ಬಿಡಲು ಬಯಸಿಲ್ಲ. ಭಾನುವಾರ ಕೆಂಪು ಪೆನ್ನು ಹಿಡಿದು ಗಾಳಾದಲ್ಲಿ ಕುಳಿತೆ.

ಎರಡು ಕಾರ್ಡು. ದೊಡ್ಡದರಲ್ಲಿ, ತೊಂಬತ್ತು ದಿನದೊಳಗೆ ಮೂರು ಲಕ್ಷ ಖರ್ಚು ಮಾಡಿದರೆ ಇಪ್ಪತ್ತೈದು ಸಾವಿರದ ವೋಚರು. ವರ್ಷದ ಶುಲ್ಕ ತೆರಿಗೆ ಸೇರಿ ಸುಮಾರು ಆರು ಸಾವಿರ. ಸಣ್ಣದರಲ್ಲಿ, ಅಷ್ಟೇ ದಿನದಲ್ಲಿ ಅರವತ್ತು ಸಾವಿರ ಖರ್ಚಾದರೆ ಆರು ಸಾವಿರದ ವೋಚರು. ಮೊದಲ ವರ್ಷ ಶುಲ್ಕವಿಲ್ಲ. ಬೋನಸ್ಸಿನ ಮೊತ್ತವನ್ನು ಹೆಬ್ಬೆರಳಿನ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಷರತ್ತುಗಳು ಎಳ್ಳಿನ ಗಾತ್ರದಲ್ಲಿದ್ದವು. ಅದು ಮೊದಲನೆಯ ಅನ್ಯಾಯ. ಷರತ್ತುಗಳೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಇದ್ದವು. ಉದ್ಯಮದ ಕಾರ್ಡು ಎಂದು ಕರೆದರೂ ಬಾಕಿ ಉಳಿದರೆ ವೈನಿಯೇ ಸ್ವಂತ ಮನೆಯಿಂದ ತೆರಬೇಕಿತ್ತು. ಒಂದು ತಿಂಗಳು ಪೂರ್ತಿ ಕಟ್ಟದಿದ್ದರೆ ಬೀಳುವ ಬಡ್ಡಿ, ಯಾವ ಸಾಹುಕಾರನೂ ಹಗಲು ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಲಾರದಂಥದು. ಅರ್ಜಿಯಲ್ಲಿ ಗಂಡನ ಹೆಸರಿಗೆ ಜಾಗವಿತ್ತು, ಜೊತೆಗೆ ದುಡಿಯುವ ನಾಲ್ವರ ಹೆಸರಿಗೆ ಇರಲಿಲ್ಲ. ಕರಪತ್ರ ತಂದ ಆ ಮಹಿಳೆಗೆ, ನಾವು ಸಹಿ ಹಾಕದಿದ್ದರೆ ಆ ದಿನದ ನಡಿಗೆಗೆ ಕೂಲಿಯೂ ಇಲ್ಲ. ಒಂದೊಂದನ್ನೂ ಗುರುತು ಹಾಕಿ ಓದಿ ಹೇಳಿದೆ. ಕಾಗದ ಕೆಂಪಾಯಿತು.

“ವೈನಿ, ಎರಡಕ್ಕೂ ಸಹಿ ಹಾಕಬ್ಯಾಡ್ರಿ. ಇದು ಬೋನಸ್ ಅಲ್ಲ, ಗಾಳ.”

“ಹೌದವಾ, ಗಾಳನ,” ಎಂದರು ವೈನಿ, ಉಂಡೆ ನಾದುತ್ತ. “ಆದ್ರ ಗಾಳಕ್ಕ ಎರೆಹುಳಾ ಚುಚ್ಚಿರ್ತಾರಲ್ಲ, ಆ ಹುಳಾ ಖರೇನ ಇರ್ತೈತಿ. ಹುಳಾ ಅಷ್ಟ ತಿಂದು ಬರಾಕ ಬರ್ತದೇನು, ಅದನ್ನ ಹೇಳು.”

ಒಳಗಿನಿಂದ ಆಯಿ ಕೆಮ್ಮಿದರು.

ಆ ಕೆಮ್ಮು ನನ್ನಲ್ಲಿ ಏನು ಮಾಡಿತೆಂಬುದನ್ನು ಮುಚ್ಚಿಡದೆ ಬರೆಯುತ್ತೇನೆ. ಲೆಕ್ಕ ಮನಸ್ಸಿನಲ್ಲಿ ತಾನಾಗಿಯೇ ಕೂಡಿಕೊಂಡಿತು. ಇಪ್ಪತ್ತೈದರಲ್ಲಿ ಶುಲ್ಕದ ಆರು ಕಳೆದರೆ ಹತ್ತೊಂಬತ್ತು ಸಾವಿರ. ನಮಗೆ ಕಡಿಮೆ ಬಿದ್ದದ್ದು ಹದಿನೆಂಟು. ದೊಡ್ಡ ಕಾರ್ಡಿನ ಬೋನಸ್ ಎಂದರೆ ಆಯಿಯ ತಲೆಯ ಮೇಲಿನ ಫ್ಯಾನು. ಮರುದಿನ ದಾದರಿನ ಆಫೀಸಿನಲ್ಲಿ ಕುಳಿತು, ಮೂರು ಲಕ್ಷವನ್ನು ತುಂಬುವ ದಾರಿ ಹುಡುಕತೊಡಗಿದೆ. ಗ್ಯಾಸು, ಪ್ಯಾಕಿಂಗಿನ ಚೀಲ, ಶೇಂಗಾ, ಮಸಾಲೆ ಎಲ್ಲ ಸೇರಿದರೆ ತೊಂಬತ್ತು ದಿನಕ್ಕೆ ಒಂದು ಲಕ್ಷ ಮೂವತ್ತು ಸಾವಿರ. ಉಳಿದ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೆ ಜೋಳ! ತಿಂಗಳಿಗೊಮ್ಮೆ ವಿಜಯಪುರದ ವ್ಯಾಪಾರಿಯಿಂದ ತರಿಸುವ ಬದಲು, ಮಳೆಗಾಲ ದಾಟುವವರೆಗಿನ ಜೋಳವನ್ನು ಒಂದೇ ಸಲಕ್ಕೆ ಕೊಂಡುಬಿಡುವುದು. ಕಾರ್ಡು ತೆಗೆದುಕೊಳ್ಳುವ ಸಗಟು ಮಾರಾಟಗಾರರನ್ನೂ ನವಿ ಮುಂಬಯಿಯಲ್ಲಿ ಹುಡುಕಿದೆ. ಎಪ್ಪತ್ತು ಚೀಲ. ಬ್ಯಾಂಕಿನ ಆಯುಧವನ್ನು ಬ್ಯಾಂಕಿನ ಮೇಲೆಯೇ ತಿರುಗಿಸುತ್ತಿದ್ದೇನೆಂಬ ಉತ್ಸಾಹದಲ್ಲಿ, ಹಿಂದಿನ ದಿನ ನಾನೇ ಕೆಂಪು ಗೆರೆ ಎಳೆದ ಸಾಲುಗಳನ್ನು ಮರೆತೆ.

ಮುಂದಿನ ಭಾನುವಾರ ಈ ಯೋಜನೆಯನ್ನು ಓದಿ ಹೇಳಿದಾಗ ಗಾಳಾದಲ್ಲಿ ಹಬ್ಬವಾಯಿತು. ಸುಗ್ಗಿ ಮುಗಿದೊಡನೆ ವರ್ಷದ ಜೋಳವನ್ನು ಒಟ್ಟಿಗೆ ತುಂಬಿಡುವುದು ನಮ್ಮ ಕಡೆಯ ಮನೆತನಗಳ ರೂಢಿ. ಮನೆಯಲ್ಲಿ ವರ್ಷದ ಜೋಳವಿದೆ ಎನ್ನುವುದು ಅಲ್ಲಿ ಮರ್ಯಾದೆಯ ಮಾತು. ಮುಂಬಯಿಗೆ ಬಂದು ಇಷ್ಟು ವರ್ಷವಾದರೂ ತಿಂಗಳಿಗಿಷ್ಟು ಎಂದು ಕೊಳ್ಳುವುದು ಅವರ ಮನಸ್ಸಿಗೆ ಒಗ್ಗಿರಲಿಲ್ಲ.

“ಚೀಲ ಗ್ವಾಡಿಗೆ ಹಚ್ಚಿ ಒಟ್ಟಿದ್ರ ಗಾಳಾನ ನಮ್ಮ ಅಪ್ಪನ ಮನಿ ಆದಂಗ ಆಗ್ತೈತಿ ನೋಡು!” ಎಂದು ಒಬ್ಬಾಕೆ ಚಪ್ಪಾಳೆ ತಟ್ಟಿದಳು.

“ಬೇವಿನ ತೊಪ್ಪಲಾ ಹಾಕಿಟ್ರ ಹುಳಾ ಹತ್ತೂದಿಲ್ಲ,” ಎಂದರು ಆಯಿ. ಫ್ಯಾನು ತಮಗಾಗಿ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದಲೇ ಅವರ ದನಿಯಲ್ಲಿ ಆಸೆಗಿಂತ ಸಂಕೋಚ ಹೆಚ್ಚಾಗಿತ್ತು.

ವೈನಿ ಮಾತ್ರ ಕೈ ತೊಳೆದು ಎದ್ದರು. ಹೋದ ಮಳೆಗಾಲದ ಮುಂಚೆ ಹೆಚ್ಚಾಗಿ ತರಿಸಿ ಉಳಿದಿದ್ದ ಒಂದು ಚೀಲ ಮೂಲೆಯಲ್ಲಿತ್ತು. ಅದರ ಬಾಯಿ ಬಿಚ್ಚಿ ಎರಡು ಬೊಗಸೆ ಜೋಳ ತೆಗೆದು ಗಾಳಾದ ಸಣ್ಣ ಗಿರಣಿಗೆ ಹಾಕಿದರು. ಇಲ್ಲಿ ಅವರ ಗಾಳಾದ ಒಂದು ಕಟ್ಟುನಿಟ್ಟನ್ನು ಹೇಳಬೇಕು. ಜೋಳ ಎಲ್ಲಿಂದಲೇ ಬರಲಿ, ಯಾರೇ ಕಳಿಸಲಿ, ಟೆಂಪೋದಿಂದ ಇಳಿಸುವ ಮುಂಚೆ ಒಂದು ಹಿಡಿ ಬೀಸಿ, ಒಂದು ರೊಟ್ಟಿ ಬಡಿದು ನೋಡುತ್ತಾರೆ. ರೊಟ್ಟಿ ಅಂಚು ಒಡೆಯದೆ ಅಗಲವಾದರೆ ಹಿಟ್ಟಿಗೆ ಜಿಗಿ ಇದೆ, ಜೋಳ ಇಳಿಯುತ್ತದೆ. ಒಡೆದರೆ ಟೆಂಪೋ ಹಾಗೆಯೇ ತಿರುಗುತ್ತದೆ.

ಹಿಟ್ಟಿನ ಪರಾತವನ್ನು ವೈನಿ ನನ್ನ ಮುಂದಿಟ್ಟರು. “ಬಡಿ.”

“ನನಗೆಲ್ಲಿ ಬರ್ತೈತ್ರಿ ಚಂದ?”

“ಚಂದ ಬ್ಯಾಡ. ಬಡಿ.”

ಹಿಟ್ಟಿನಿಂದ ಮುಗ್ಗಲು ವಾಸನೆ ಬರುತ್ತಿತ್ತು. ಬಿಸಿನೀರು ಹಾಕಿ ನಾದಿದೆ, ಉಂಡೆ ಕಟ್ಟಿದೆ, ಬಡಿದೆ. ಅಂಗೈಯಗಲ ಆಗುವ ಮುಂಚೆಯೇ ಅಂಚಿನಿಂದ ನಡುವಿನವರೆಗೆ ಬಿರುಕು ಬಿಟ್ಟಿತು. ನನ್ನ ಕೈಯ ದೋಷವೆಂದುಕೊಂಡೆ. ಆಯಿ ಬಂದು ಬಡಿದರು. ಅವರ ಕೈಯಲ್ಲಿಯೂ ಒಡೆಯಿತು.

“ವಿಜಾಪುರದ ಬಿಸಲಾಗ ಇಟ್ಟಂಗ ಭಾಂಡುಪದಾಗ ಇಡಾಕ ಬರೂದಿಲ್ಲ,” ಎಂದರು ವೈನಿ. “ಇಲ್ಲಿ ನಾಕು ತಿಂಗಳ ಗ್ವಾಡಿನ ಬೆವರತೈತಿ. ಒಂದು ಚೀಲ ಹಾಳಾದ್ರ ಎಮ್ಮಿಗೆ ಹಾಕಬಹುದು. ಎಪ್ಪತ್ತು ಚೀಲ ಹಾಳಾದ್ರ ಎಮ್ಮಿ ಎಲ್ಲಿಂದ ತರ್ತೀ? ಪವಾಯಿದವ್ರು ಒಡದ ರೊಟ್ಟಿಗೆ ರೊಕ್ಕಾ ಕೊಡ್ತಾರೇನು?”

ಅನಂತರ ಗೋಡೆಯ ಮೊಳೆಯಿಂದ ಬಿಲ್ಲುಗಳ ತಂತಿಯನ್ನು ಇಳಿಸಿದರು. “ಈ ಕಾರ್ಡನೂ ಹಂಗ ಬಡಿದು ನೋಡೂಣು. ಮುಂದ ಏನು ಖರ್ಚು ಮಾಡ್ತೀವಿ ಅಂತ ಕನಸ ಕಾಣೂದು ಬ್ಯಾಡ. ಹಿಂದಿನ ಮೂರು ತಿಂಗಳದಾಗ ಈ ಕಾರ್ಡ ಇದ್ದಿದ್ರ ಎಷ್ಟು ತಿಂತಿತ್ತು, ಅಷ್ಟ ನೋಡೂಣು.”

ಏಳನೆಯ ಇಯತ್ತೆಗೆ ಶಾಲೆ ಬಿಡಿಸಲ್ಪಟ್ಟ ಹೆಂಗಸು ಅವರು. ಬಿಟ್ಟವರಲ್ಲ, ಬಿಡಿಸಲ್ಪಟ್ಟವರು, ಆ ವ್ಯತ್ಯಾಸವನ್ನು ನಾನು ಎಲ್ಲೆಡೆಯೂ ಒತ್ತಿ ಹೇಳುತ್ತೇನೆ. ನೆಲದ ಮೇಲೆ ಬಿಲ್ಲುಗಳ ಎರಡು ಗುಡ್ಡೆ ಮಾಡಿದರು. ವಿಜಯಪುರದ ವ್ಯಾಪಾರಿ ಕಾರ್ಡು ಮುಟ್ಟುವುದಿಲ್ಲ: ಆಚೆ. ಬಾಡಿಗೆ: ಆಚೆ. ಪ್ಯಾಕಿಂಗಿನ ಚೀಲ ಕೊಡುವ ಅಂಗಡಿಯವನು ಕಾರ್ಡು ತೋರಿಸಿದರೆ ನೂರಕ್ಕೆ ಎರಡು ಹೆಚ್ಚು ಕೇಳುತ್ತಾನೆ. ಹಾಗೆ ಗಿರಾಕಿಯ ತಲೆಗೆ ಹೊರಿಸುವುದು ತಪ್ಪು ಎಂದು ನಾನು ಹೇಳಿದೆ. ಆ ಜಗಳ ನೀನು ಮಾಡು ಎಂದು ಆ ಬಿಲ್ಲನ್ನು ನನ್ನ ಕೈಗಿಟ್ಟರು. (ಮಾಡಿದೆ. ಗೆದ್ದೆ. ಅವನು ಈಗ ನಮಗೆ ಹೆಚ್ಚು ಕೇಳುವುದಿಲ್ಲ.) ಆ ಚೀಲದ ಬಿಲ್ಲು, ಶೇಂಗಾ, ಮಸಾಲೆ, ಗ್ಯಾಸು: ಈಚೆ. ಕೊನೆಗೆ ಈಚೆಯ ಗುಡ್ಡೆ, ನಾನು ಲೆಕ್ಕ ಹಾಕಿದ್ದಂತೆ, ಒಂದು ಲಕ್ಷ ಮೂವತ್ತು ಸಾವಿರಕ್ಕೆ ನಿಂತಿತು. ದೊಡ್ಡ ಕಾರ್ಡಿಗೆ ಸಾಲದು. ಸಣ್ಣದಕ್ಕೆ ಎರಡರಷ್ಟು.

ಕಾರ್ಡಿನ ಆ ಮಹಿಳೆಯನ್ನು ವೈನಿ ಮತ್ತೆ ಕರೆಸಿದರು. ನಾನೂ ಅರ್ಧ ದಿನ ರಜೆ ಹಾಕಿ ಹೋದೆ. ಅವರ ಬಿಸಿಲಿನ ನಡಿಗೆ, ಸಂಬಳವಿಲ್ಲದ ಗುರಿ, ಸಹಿಗಳ ಎಣಿಕೆ ಎಲ್ಲವನ್ನೂ ನಾನು ಅನ್ಯಾಯದ ಪಟ್ಟಿಯಲ್ಲಿ ಬರೆದಿದ್ದೆ. ಆದರೆ ಆ ಪಟ್ಟಿಯಾಚೆ ಒಬ್ಬ ಮನುಷ್ಯಳಾಗಿ ಅವರನ್ನು ನಂಬಿರಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ವೈನಿ ಅರ್ಜಿಯ ಮಾತೆತ್ತುವ ಮುಂಚೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮುಂದಿಟ್ಟರು. ಉಣ್ಣದವರ ಜೊತೆ ವ್ಯವಹಾರದ ಮಾತು ಅವರಲ್ಲಿಲ್ಲ. ಆ ಮಹಿಳೆ ಎರಡನೆಯ ರೊಟ್ಟಿ ಮುರಿಯುವಾಗ ವೈನಿ ನಮ್ಮ ಬಿಲ್ಲುಗಳ ಲೆಕ್ಕವನ್ನು ಹೇಳಿ ಕೇಳಿದರು:

“ಅಕ್ಕಾರ, ಒಂದು ಮಾತು ಕೇಳತೀನಿ. ಈ ಗಾಳಾ ನಿಮ್ಮದ ಇದ್ರ, ಯಾವ ಕಾರ್ಡ್ ತಗೋತಿದ್ರಿ?”

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. “ದೊಡ್ಡದಕ್ಕೆ ಸೈನ್ ಹಾಕಿದ್ರೆ ನನಗೆ ಜಾಸ್ತಿ ಸಿಗ್ತದೆ. ಹೇಳ್ಬಾರ್ದು ನಾನು,” ಎಂದರು. ಮತ್ತೆ ತಡೆದು, “ತಗೊಳ್ಬೇಡಿ ಮಾರಾಯ್ರೆ. ನೀವು ಗ್ಯಾಸ್ ಹಿಡಿದು ಲೆಕ್ಕ ಹಾಕಿದ್ದೀರಲ್ಲ? ಗ್ಯಾಸ್ ಅವ್ರು ಹಿಡಿಯೂದಿಲ್ಲ. ಅದು ಇಂಧನಕ್ಕೆ ಹೋಯ್ತು. ಬೋನಸ್ಸಿಗೆ ಇಂಧನ ಇಲ್ಲ.”

ನಾನು ಕರಪತ್ರ ತೆಗೆದು ನೋಡಿದೆ. ಎಳ್ಳಿನ ಗಾತ್ರದ ಸಾಲುಗಳಲ್ಲಿ ಅದೂ ಇತ್ತು. ಅಕ್ಷರ ಸಣ್ಣದೆಂದು ಅದರ ಸುತ್ತಲೇ ಕೆಂಪು ವೃತ್ತ ಎಳೆದಿದ್ದೆ. ಒಳಗೆ ಏನು ಬರೆದಿದೆ ಎಂದು ನಮ್ಮ ಬಿಲ್ಲುಗಳ ಜೊತೆ ಇಟ್ಟು ನೋಡಿರಲಿಲ್ಲ. ನನ್ನ ಯೋಜನೆಯಂತೆ ಎಪ್ಪತ್ತು ಚೀಲ ಕೊಂಡಿದ್ದರೂ ಮೂರು ಲಕ್ಷ ತುಂಬುತ್ತಿರಲಿಲ್ಲ. ಜೋಳವೂ ಹಾಳು, ಬೋನಸ್ಸೂ ಇಲ್ಲ, ಸಾಲವೊಂದು ವೈನಿಯ ಹೆಸರಿನಲ್ಲಿ.

“ಗ್ಯಾಸ್ ತಗದ್ರ ಎಷ್ಟು ಉಳೀತೈತಿ?” ವೈನಿ ಕೇಳಿದ್ದು ನನ್ನನ್ನು.

“ಎಪ್ಪತ್ತು ಸಾವಿರ.”

“ಅರವತ್ತು ಸಾಕಲ್ಲ. ಸಣ್ಣದಕ್ಕ ತಗೀರಿ ಅರ್ಜಿ.”

ಅರ್ಜಿಯಲ್ಲಿ ಉದ್ಯಮಿಯ ಹೆಸರಿನ ಜಾಗದಲ್ಲಿ ಅವರು ಕನ್ನಡದಲ್ಲಿ ಸಹಿ ಹಾಕಿದರು. ಸಹಿ ಇಂಗ್ಲಿಷಿನಲ್ಲಿದ್ದರೆ ಒಳ್ಳೆಯದು ಎಂದು ಆ ಮಹಿಳೆ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾದರು. ಕಾರ್ಡು ಯಾರ ಹೆಸರಿನಲ್ಲಿದೆಯೋ ಬೋನಸ್ಸು ಅವರೊಬ್ಬರ ಸ್ವತ್ತು ಎಂಬ ನಿಯಮವನ್ನು ನಾನು ಓದಿ ಹೇಳಿದಾಗ ವೈನಿಗೆ ಸಿಟ್ಟೇ ಬಂತು. “ಐದು ಮಂದಿ ಬಡದ ರೊಟ್ಟಿದು ಅದು. ನನಗೊಬ್ಬಾಕಿಗೆ ಹೆಂಗ ಆಗ್ತೈತಿ?” ಅಂದೇ ಐವರೂ ಒಂದು ಹಾಳೆಯಲ್ಲಿ ಬರೆದುಕೊಂಡರು: ಬೋನಸ್ಸು ಗಾಳಾದ ಹೊಗೆಗೆ. ಅಂಥ ಕರಾರುಪತ್ರವನ್ನು ನನ್ನ ಇಪ್ಪತ್ತು ವರ್ಷಗಳ ಹೋರಾಟದಲ್ಲಿ ನಾನು ಬೇರೆಲ್ಲಿಯೂ ಕಂಡಿಲ್ಲ.

ಮುಂದಿನ ತೊಂಬತ್ತು ದಿನ ಕಾರ್ಡಿನಿಂದ ಹೇಗೂ ಕೊಳ್ಳಬೇಕಿದ್ದುದನ್ನಲ್ಲದೆ ಬೇರೇನನ್ನೂ ಕೊಳ್ಳಲಿಲ್ಲ. ಬಿಲ್ಲಿನ ಗಡುವು ಬರುವವರೆಗೆ ಕಾಯದೆ ವೈನಿ ಪ್ರತಿ ಶನಿವಾರ ಆ ವಾರದ ಬಾಕಿಯನ್ನು ಕಟ್ಟುತ್ತಿದ್ದರು. ‘ನಿಮ್ಮ ಮಿತಿ ಹೆಚ್ಚಿಸಿದ್ದೇವೆ, ಅಭಿನಂದನೆ’ ಎಂದು ಸಂದೇಶ ಬಂದಾಗ, “ಮಿತಿ ಹೆಚ್ಚ ಮಾಡಾಕ ಇವ್ರ್ಯಾರು? ನನ್ನ ಮಿತಿ ನನಗ ಗೊತ್ತೈತಿ,” ಎಂದು ಬದಿಗಿಟ್ಟರು. ಆಯಿಯನ್ನು ಶಟರಿನ ಹತ್ತಿರದ ಒಲೆಗೆ ಕೂರಿಸಿ, ಒಳಗಿನ ಮೂಲೆಗೆ ವೈನಿಯೇ ಹೋದರು. ಆದರೂ ಮಳೆ ಹಿಡಿದು ಶಟರು ಅರ್ಧ ಇಳಿಸಬೇಕಾದಾಗ ಆಯಿಗೆ ದಿನಕ್ಕೆ ಅರವತ್ತು ರೊಟ್ಟಿ ದಾಟುತ್ತಿರಲಿಲ್ಲ. ಅರವತ್ತು ರೊಟ್ಟಿ ಎಂದರೆ ಅರ್ಧ ಆದಾಯ. ಉಳಿದವರು ತಮ್ಮ ಎಣಿಕೆಯಿಂದ ಹತ್ತು ಹತ್ತು ಅವರ ಹೆಸರಿಗೆ ಬರೆಯಲು ಹೋದರೆ, “ಬಡೀದ ರೊಟ್ಟಿ ನನಗ ಬ್ಯಾಡ್ರೆ,” ಎಂದು ಆಯಿ ಬಳಪ ಕಸಿದುಕೊಂಡರು.

ಜುಲೈಯಲ್ಲಿ ಆರು ಸಾವಿರದ ವೋಚರು ಬಂತು. ಅದರಿಂದ ದೊಡ್ಡ ಫ್ಯಾನೊಂದು ಬಂತು; ಕೈಯಿಂದ ಸಾವಿರ ರೂಪಾಯಿ ಸೇರಿಸಿದೆವು. ತಗಡಿನ ಗೂಡಿಗೆ ಕಂಪನಿಯ ಕಡೆ ಹೋಗಲಿಲ್ಲ. ನಾಲ್ಕು ಗಾಳಾ ಆಚೆ ತಗಡಿನ ಕೆಲಸ ಮಾಡುವ ಮರಾಠಿ ಮಿಸ್ತ್ರಿಯೊಬ್ಬರಿದ್ದಾರೆ. ಕಾರ್ಖಾನೆ ಮುಚ್ಚಿ ಬೀದಿಗೆ ಬಿದ್ದ ಮೇಲೆ ಸ್ವಂತ ಕಾಲಮೇಲೆ ನಿಂತವರು. ಅವರು ಬಂದು ಒಲೆಗಳನ್ನು ಅಳೆದು, ಕಂಪನಿ ಹೇಳಿದ್ದರಲ್ಲಿ ಅರ್ಧ ತಗಡು ಬರೀ ಶೋಕಿ ಎಂದು ನಕ್ಕು, ಹತ್ತೊಂಬತ್ತು ಸಾವಿರದಲ್ಲಿ ಮಾಡಿಕೊಟ್ಟರು. ಇಪ್ಪತ್ತೈದು ಸಾವಿರದ ಬೋನಸ್ಸು ಬೇಕೇ ಬೇಕು ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಈ ಮಿಸ್ತ್ರಿ ನಾಲ್ಕು ಗಾಳಾ ದೂರದಲ್ಲಿಯೇ ಇದ್ದರು.

ಮೊದಲ ದಿನ ಫ್ಯಾನು ಹೊಗೆಯ ಜೊತೆ ಪರಾತದ ಹಿಟ್ಟನ್ನೂ ಎಳೆದುಕೊಂಡು ಓಣಿಗೆ ಉಗುಳಿತು. ಎದುರಿನ ಚಾಳಿನಲ್ಲಿ ಒಣಹಾಕಿದ್ದ ಬಟ್ಟೆಗಳೆಲ್ಲ ಬೆಳ್ಳಗಾಗಿ ಬೈಗುಳ ಬಂತು. ಮಿಸ್ತ್ರಿ ಬಂದು ವೇಗ ಇಳಿಸಿ, ಗೂಡನ್ನು ಒಂದು ಗೇಣು ಮೇಲೆತ್ತಿದರು. ಮರುದಿನ, ಹೊರಗೆ ಮಳೆ ಸುರಿಯುತ್ತಿದ್ದಾಗ, ಶಟರು ಅರ್ಧ ಇಳಿಸಿಯೂ ಒಳಗೆ ಐವರ ಮುಖಗಳು ನನಗೆ ಸ್ಪಷ್ಟವಾಗಿ ಕಂಡವು.

ಆಯಿ ತಮ್ಮ ಮೂಲೆಗೆ ಮರಳಿ ಕುಳಿತಿದ್ದರು. ಫ್ಯಾನಿನ ಸದ್ದಿಗೆ ಎಲ್ಲರೂ ಕೂಗಿ ಮಾತಾಡಬೇಕಿತ್ತು. ಹನ್ನೊಂದು ಗಂಟೆಗೆ ಪವಾಯಿಯ ಡಬ್ಬಿಗಳು ಹೊರಡುವ ಹೊತ್ತಿಗೆ ವೈನಿ ಎಣಿಸಿ ಕೂಗಿದರು: “ಆಯಿ, ನಿಮ್ಮದು ನೂರಾ ಇಪ್ಪತ್ತು ಮುಗದಾವ್ರಿ! ಏಳ್ರಿ ಇನ್ನ!”

“ಎಷ್ಟ?”

“ನೂರಾ ಇಪ್ಪತ್ತು!”

ಆಯಿ ಏಳಲಿಲ್ಲ. ಒಂದು ಉಂಡೆ ಕೈಗೆತ್ತಿಕೊಂಡು, ಹಿಟ್ಟು ಚಿಮುಕಿಸಿ, ನನ್ನ ಕಡೆ ನೋಡಿ ಕೂಗಿದರು: “ಆ ಬ್ಯಾಂಕಿನ ಅಕ್ಕಗ ಫೋನ್ ಹಚ್ಚವಾ. ಬಿಸಿ ರೊಟ್ಟಿ ಅದಾವ, ಬಂದು ಉಂಡು ಹೋಗ ಅನ್ನು.”